ಬೆಟ್ಟದ ಜೀಪಿಗೆ ಮೊದಲ ಖರ್ಚು

ರಸ್ತೆಯಲ್ಲದ ನೆಲದಲ್ಲಿ ಓಡುವ ವಾಹನವನ್ನು ಬಲಪಡಿಸುವಾಗ ಯಾವುದನ್ನು ಮೊದಲು ಮಾಡಿಸಬೇಕು, ಯಾವುದನ್ನು ಮುಂದೂಡಬೇಕು, ಯಾವುದನ್ನು ಕೈಬಿಡಬೇಕು ಎಂಬ ಪ್ರಶ್ನೆಗೆ ಎಲ್ಲ ಊರಿಗೂ ಸಲ್ಲುವ ಒಂದೇ ಉತ್ತರವಿಲ್ಲ. ಆಯಾ ನೆಲದ ಗುಣ, ಮಳೆಯ ಕಾಲ, ಜಾರಿಯಲ್ಲಿರುವ ಕಾನೂನು ಮತ್ತು ವಾಹನ ಹೊರಬೇಕಾದ ಹೊರೆ ಇವು ಸೇರಿ ಉತ್ತರವನ್ನು ನಿರ್ಧರಿಸುತ್ತವೆ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಈ ಪ್ರಶ್ನೆಯನ್ನು ಎದುರಿಸುವವರು ಎರಡು ಬಗೆಯವರು. ಮಲೆ ಮಹದೇಶ್ವರ ಬೆಟ್ಟದ ಸುತ್ತಣ ಕಾಡಂಚಿನ ಹಳ್ಳಿಗಳಿಗೂ ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಗೂ, ಅಂದರೆ ಸೋಲಿಗರ ವಸತಿಗಳಿಗೂ, ಜನರನ್ನು, ಪಡಿತರವನ್ನು, ರೋಗಿಗಳನ್ನು ಸಾಗಿಸುವ ಹಳೆಯ ಮಹೀಂದ್ರ ಕಮಾಂಡರ್, ಮೇಜರ್, ಬೊಲೆರೊಗಳ ಮಾಲೀಕರು ಒಂದು ಬಗೆ; ಮೈಸೂರು, ಬೆಂಗಳೂರುಗಳಿಂದ ಜಿಪ್ಸಿ, ಥಾರ್, ಜಿಮ್ನಿಗಳಲ್ಲಿ ಬರುವ ಹವ್ಯಾಸಿಗಳು ಇನ್ನೊಂದು ಬಗೆ. ಇಬ್ಬರ ಕೈಯಲ್ಲಿಯೂ ಹಣ ಮಿತವಾಗಿಯೇ ಇರುತ್ತದೆ. ಆದರೆ ಮೊದಲನೆಯವರ ವಾಹನ ಕೆಟ್ಟು ನಿಂತರೆ ಒಂದು ಹಳ್ಳಿಯ ಸಂಪರ್ಕವೇ ಕಡಿಯುವುದರಿಂದ, ಖರ್ಚಿನ ಕ್ರಮವನ್ನು ಅಳೆಯುವ ಕೋಲು ಅವರ ಅಗತ್ಯದಿಂದಲೇ ಹುಟ್ಟಬೇಕು.

ಆ ಅಗತ್ಯದ ಗಾತ್ರವನ್ನು ಸಾರ್ವಜನಿಕ ದಾಖಲೆಯೇ ಹೇಳುತ್ತದೆ. ದೊಡ್ಡಾಣೆಯಂಥ ಹಳ್ಳಿಗಳಿಂದ ಗರ್ಭಿಣಿಯರನ್ನೂ ರೋಗಿಗಳನ್ನೂ ಡೋಲಿ ಕಟ್ಟಿ ಹೊತ್ತು ತಂದ ಸುದ್ದಿ ಹಲವು ಸಲ ಪತ್ರಿಕೆಗಳಲ್ಲಿ ಬಂದಿದೆ. 2024ರ ಏಪ್ರಿಲ್ 26ರಂದು, ಲೋಕಸಭಾ ಚುನಾವಣೆಯ ದಿನ, ಇದೇ ಸೀಮೆಯ ಇಂಡಿಗನತ್ತ ಹಳ್ಳಿಯ ಮತಗಟ್ಟೆ ಧ್ವಂಸವಾಗಿ, ಏಪ್ರಿಲ್ 29ರಂದು ಮರುಮತದಾನ ನಡೆಯಬೇಕಾಗಿ ಬಂದುದರ ಹಿಂದೆಯೂ ರಸ್ತೆ ಮತ್ತಿತರ ಮೂಲಸೌಕರ್ಯಗಳ ಬೇಡಿಕೆಯೇ ಇತ್ತು. ಮಲೆ ಮಹದೇಶ್ವರ ವನ್ಯಧಾಮದ ಹಳ್ಳಿಗಳಿಗಾಗಿ ಅರಣ್ಯ ಇಲಾಖೆ ‘ಜನ-ವನ’ ಎಂಬ ಹೆಸರಿನಲ್ಲಿ ಜೀಪುಗಳ ಸಾರಿಗೆಯನ್ನು ಆರಂಭಿಸಿದ್ದು ಇದೇ ಕೊರತೆಯನ್ನು ತುಂಬುವುದಕ್ಕಾಗಿ. ಇಂಥ ಕಡೆ ಜೀಪಿನ ಸಾಮರ್ಥ್ಯವೆಂದರೆ ಎಷ್ಟು ಕಡಿದಾದ ದಿಣ್ಣೆಯನ್ನು ಅದು ಹತ್ತಿತು ಎಂಬುದಲ್ಲ, ಹೊತ್ತ ಜನರೊಂದಿಗೆ ಸುರಕ್ಷಿತವಾಗಿ ಕೆಳಗಿಳಿದು ಅದೇ ದಿನ ಮರಳಿತೇ ಎಂಬುದು.

ನೆಲದ ಸ್ವಭಾವವನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಹನೂರು ಭಾಗದ ಬೆಟ್ಟಗಳು ಚಾರ್ನೊಕೈಟ್ ಮತ್ತು ನೈಸ್ ಎಂಬ ಗಟ್ಟಿ, ಪ್ರಾಚೀನ ಶಿಲೆಗಳಿಂದಾದವು. ಮಣ್ಣು ಕೊಚ್ಚಿಹೋದ ದಾರಿಯಲ್ಲಿ ಚೂಪಾದ ಕಲ್ಲುಗಳೇ ಮೇಲೆದ್ದು ನಿಲ್ಲುತ್ತವೆ. ಬಿಳಿಗಿರಿರಂಗನ ಬೆಟ್ಟದ ಒಳದಾರಿಗಳಲ್ಲಿ ಮರದ ನೆರಳಿನಡಿ ತೇವ ಬಹಳ ದಿನ ಉಳಿಯುವುದರಿಂದ ಕೊಳೆತ ಎಲೆಯೂ ಜೇಡಿಯೂ ಕೂಡಿ ಜಾರುತ್ತವೆ. ಕೊಳ್ಳೇಗಾಲದ ಕಾವೇರಿ ದಡದ ಗದ್ದೆಬಯಲಿನಲ್ಲಿ ಅಂಟುಕೆಸರಿನ ಕಾಟ. ಈ ಭಾಗಕ್ಕೆ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮತ್ತೊಮ್ಮೆ ಹೆಚ್ಚು ಮಳೆಯಾಗುತ್ತದೆ. ನಡುವಿನ ತಿಂಗಳುಗಳಲ್ಲಿ ಒಣಗಿದ್ದ ಹಳ್ಳಗಳು ಒಂದೇ ಸಂಜೆಯಲ್ಲಿ ತುಂಬಿ ಹರಿಯುವುದುಂಟು. ಒಟ್ಟಿನಲ್ಲಿ ಕಲ್ಲು, ಉದ್ದನೆಯ ಇಳಿಜಾರು, ದಿಢೀರ್ ನೀರು ಇವು ಇಲ್ಲಿನ ಮೂರು ಪರೀಕ್ಷೆಗಳು. ಮರಳುಗಾಡಿನ ಅಥವಾ ಹಿಮದ ನಾಡಿನ ಅನುಭವದಿಂದ ರೂಪುಗೊಂಡ ಪಟ್ಟಿಗಳು ಈ ಪರೀಕ್ಷೆಗಳನ್ನು ಗಮನದಲ್ಲಿಟ್ಟುಕೊಂಡವಲ್ಲ.

ಪ್ರಚಲಿತ ಪದ್ಧತಿಯ ಮುಖ್ಯ ದೋಷವಿರುವುದು ಅದರ ಕ್ರಮದಲ್ಲಿ. ಹೊಸದಾಗಿ ಜೀಪು ಕೊಂಡವರ ಮೊದಲ ಖರ್ಚು ಸಾಮಾನ್ಯವಾಗಿ ಮುಂಭಾಗದ ಉಕ್ಕಿನ ಬಂಪರಿಗೆ, ಛಾವಣಿಯ ಮೇಲಿನ ಎಲ್‌ಇಡಿ ದೀಪದ ಸಾಲಿಗೆ, ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್ಟಿಗೆ ಹೋಗುತ್ತದೆ. ಕಣ್ಣಿಗೆ ಕಾಣದ ಬ್ರೇಕು, ಬೇರಿಂಗು, ರೇಡಿಯೇಟರ್ ಕೊಳವೆಗಳು ಕೊನೆಗೆ ಉಳಿದ ಹಣಕ್ಕಾಗಿ ಕಾಯುತ್ತವೆ. ಇದು ರುಚಿಯ ಪ್ರಶ್ನೆ ಎಂದು ಬಿಟ್ಟುಬಿಡುವಂತಿಲ್ಲ, ಏಕೆಂದರೆ ಕಾನೂನೂ ಇದರ ವಿರುದ್ಧವಿದೆ. ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ವಿವರಿಸುತ್ತ ಹೇಳಿದೆ. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆಯನ್ನೋ ವಿಧಿಸಲು ಅವಕಾಶ ಕೊಟ್ಟಿದೆ. ಮುಂಭಾಗದ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿಯೇ ರಾಜ್ಯಗಳಿಗೆ ಸೂಚಿಸಿತ್ತು. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಮಲೆ ಮಹದೇಶ್ವರ ಬೆಟ್ಟ 2013ರಿಂದ ವನ್ಯಧಾಮ. ಇಲ್ಲಿ ರಾತ್ರಿ ಕಾಡನ್ನು ಬೆಳಗಿಸುವ ದೀಪಗಳು ಉಪಯೋಗಕ್ಕಿಂತ ಹೆಚ್ಚು ಹಾನಿಯನ್ನೇ ಮಾಡುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ವನ್ಯಧಾಮದೊಳಗಿನ ಪ್ರವೇಶವನ್ನೇ ನಿಯಂತ್ರಿಸಿರುವಾಗ, ಮೋಜಿಗಾಗಿ ದಾರಿ ಬಿಟ್ಟು ಕಾಡಿಗೆ ನುಗ್ಗುವ ಓಡಾಟಕ್ಕೆ ಜೀಪನ್ನು ಸಜ್ಜುಗೊಳಿಸುವ ಮಾತೇ ಏಳಬಾರದು.

ಮೊದಲ ಖರ್ಚು ಬ್ರೇಕಿನದೇ ಆಗಬೇಕು ಎಂಬುದಕ್ಕೆ ಸರಳ ಲೆಕ್ಕವೊಂದು ಸಾಕ್ಷಿ. ಮಹದೇಶ್ವರ ಬೆಟ್ಟದಿಂದ ತಮಿಳುನಾಡಿನ ಗಡಿಯ ಪಾಲಾರಿನತ್ತ ಇಳಿಯುವ ದಾರಿ ಅರ್ಧ ಕಿಲೋಮೀಟರಿಗೂ ಹೆಚ್ಚು ಎತ್ತರವನ್ನು ಕಳೆದುಕೊಳ್ಳುತ್ತದೆ. ಜನ, ಸಾಮಾನು ಸೇರಿ ಎರಡು ಟನ್ ತೂಗುವ ಜೀಪು 500 ಮೀಟರ್ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 98 ಲಕ್ಷ ಜೂಲ್. ಮೂವತ್ತು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಶಾಖ ಸಾಕು. ಇಂಜಿನ್ನೂ ಗಾಳಿಯ ಪ್ರತಿರೋಧವೂ ಹೀರದೆ ಬಿಟ್ಟ ಭಾಗವೆಲ್ಲ ನಾಲ್ಕು ಚಕ್ರಗಳ ಬ್ರೇಕುಗಳಲ್ಲಿಯೇ ಸೇರುತ್ತದೆ. ಹಳೆಯ ಜೀಪುಗಳಲ್ಲಿರುವ ಡ್ರಮ್ ಬ್ರೇಕು, ಅಂದರೆ ತಿರುಗುವ ಎರಕದ ಕಬ್ಬಿಣದ ಬಟ್ಟಲಿನ ಒಳಗೋಡೆಗೆ ಶೂ ಒತ್ತಿಕೊಳ್ಳುವ ವ್ಯವಸ್ಥೆ, ಬಿಸಿಯಾದಂತೆ ಬಟ್ಟಲು ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ. ಪೆಡಲು ಮೊದಲಿಗಿಂತ ಆಳಕ್ಕೆ ಇಳಿಯತೊಡಗುತ್ತದೆ. ಇದಕ್ಕಿಂತ ಅಪಾಯಕಾರಿಯಾದುದು ಬ್ರೇಕ್ ಆಯಿಲಿನ ಸ್ವಭಾವ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಆದರೆ ಈ ದ್ರವ ಗಾಳಿಯ ತೇವವನ್ನು ಹೀರುತ್ತ ಹೋಗುತ್ತದೆ, ಮತ್ತು ನೀರಿನಂಶ ಶೇಕಡ 3.7ರ ಹತ್ತಿರ ಬಂದಾಗ ಅದಕ್ಕೆ ನಿಗದಿಯಾದ ಕನಿಷ್ಠ ಕುದಿಬಿಂದು 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ರಲ್ಲಿ ಈ ಮಿತಿಗಳು 230 ಮತ್ತು 155. ಕುದಿದ ದ್ರವದಲ್ಲಿ ಆವಿಯ ಗುಳ್ಳೆಗಳು ಹುಟ್ಟಿದರೆ, ಗುಳ್ಳೆ ಅದುಮಿಕೊಳ್ಳುತ್ತದೆಯೇ ಹೊರತು ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದಿಲ್ಲ, ಆದುದರಿಂದ ಪೆಡಲು ನೆಲ ಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಹಳೆಯ ದ್ರವವನ್ನು ಪೂರ್ತಿ ತೆಗೆದು ಹೊಸದನ್ನು ತುಂಬಿಸುವ ಕೆಲಸಕ್ಕೆ ಒಂದು ಅಲಂಕಾರದ ಬಂಪರಿನ ಬೆಲೆಯ ಅಲ್ಪಭಾಗವೂ ಬೇಕಿಲ್ಲ. ಲೈನರ್ ಸವೆತವನ್ನು ನೋಡಿಸುವುದು, ಬಿರುಕುಬಿಟ್ಟ ರಬ್ಬರ್ ಹೋಸ್‌ಗಳನ್ನು ಬದಲಿಸುವುದು, ಹ್ಯಾಂಡ್‌ಬ್ರೇಕನ್ನು ಇಳಿಜಾರಿನಲ್ಲಿ ನಿಲ್ಲಿಸಿ ಪರೀಕ್ಷಿಸುವುದು ಇದರ ಜೊತೆಗೇ ಆಗಬೇಕಾದ ಕೆಲಸಗಳು.

ಬಿಡಿಭಾಗದಷ್ಟೇ ಚಾಲಕನ ಅಭ್ಯಾಸವೂ ಇಲ್ಲಿ ಮುಖ್ಯ. ಡೀಸೆಲ್ ಉಳಿಸಲು ಗೇರನ್ನು ನ್ಯೂಟ್ರಲಿಗೆ ತಂದು, ಕೆಲವೊಮ್ಮೆ ಇಂಜಿನ್ನನ್ನೇ ಆರಿಸಿ ಘಾಟಿ ಇಳಿಸುವ ರೂಢಿ ಅತ್ಯಂತ ಖಂಡನೀಯ; ಇಂಜಿನ್ ನಿಂತರೆ ಬ್ರೇಕಿಗೆ ಬಲ ಕೊಡುವ ನಿರ್ವಾತ ಕೆಲವೇ ಒತ್ತುಗಳಲ್ಲಿ ಖಾಲಿಯಾಗುತ್ತದೆ. ನಾಲ್ಕು ಚಕ್ರ ಚಾಲನೆಯ ಗಾಡಿಯಲ್ಲಿರುವ ಲೋ ಗೇರು ಹಳೆಯ ಜೀಪುಗಳಲ್ಲಿ ಚಕ್ರದ ವೇಗವನ್ನು ಸುಮಾರು ಎರಡೂವರೆ ಪಟ್ಟು ತಗ್ಗಿಸಿ, ಒರಟು ಇಳಿಜಾರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿದಿಡುವಂತೆ ಮಾಡುತ್ತದೆ. ಹತ್ತುವುದಕ್ಕೆಂದೇ ಇದೆಯೆಂದು ಹಲವರು ತಿಳಿದಿರುವ ಈ ಗೇರಿನ ನಿಜವಾದ ಬೆಲೆ ಇಳಿಯುವಾಗಲೇ ತಿಳಿಯುವುದು. ಆದುದರಿಂದ ಸಡಿಲಗೊಂಡ ಲೋ ಗೇರಿನ ಲಿವರನ್ನು ಸರಿಪಡಿಸುವ ಖರ್ಚು ಹೊಸ ದೀಪಗಳ ಖರ್ಚಿಗಿಂತ ಮೊದಲು ಬರಬೇಕು.

ಎರಡನೆಯ ಸ್ಥಾನ ಟೈರಿನದು, ಆದರೆ ದೊಡ್ಡ ಟೈರಿನದಲ್ಲ. ಬೊಲೆರೊದಂಥ ಗಾಡಿಗಳಿಗೆ ಬರುವ 215/75 ಆರ್ 15 ಅಳತೆಯ ಟೈರಿನ ವ್ಯಾಸ ಸುಮಾರು 703 ಮಿಲಿಮೀಟರ್. ಹವ್ಯಾಸಿಗಳು ಇಷ್ಟಪಡುವ 235/75 ಆರ್ 15ರದು ಸುಮಾರು 733. ಮೂವತ್ತು ಮಿಲಿಮೀಟರ್ ವ್ಯಾಸ ಹೆಚ್ಚಿದರೂ ಆಕ್ಸಲ್ ಮೇಲೇರುವುದು ಅದರ ಅರ್ಧ, ಹದಿನೈದು ಮಿಲಿಮೀಟರ್ ಮಾತ್ರ. ಇಷ್ಟು ಲಾಭಕ್ಕಾಗಿ ಸ್ಪೀಡೋಮೀಟರ್ ಶೇಕಡ ನಾಲ್ಕರಷ್ಟು ಕಡಿಮೆ ತೋರಿಸತೊಡಗುತ್ತದೆ, ಎಳೆತದ ಬಲ ಅಷ್ಟೇ ಪ್ರಮಾಣದಲ್ಲಿ ತಗ್ಗುತ್ತದೆ, ಬ್ರೇಕಿನ ಮೇಲಿನ ಭಾರ ಏರುತ್ತದೆ, ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ತಾಗುವ ಸಂಭವವೂ ಸೇರಿಕೊಳ್ಳುತ್ತದೆ. ಅದೇ ಅಳತೆಯಲ್ಲಿ, ಪಕ್ಕದ ಗೋಡೆ ಗಟ್ಟಿಯಾಗಿರುವ, ಎಲ್ಲ ನೆಲಕ್ಕೂ ಒಗ್ಗುವ ಟೈರನ್ನು ಆರಿಸಿಕೊಂಡು, ಸ್ಟೆಪ್ನಿಯನ್ನೂ ಅದೇ ಗುಣಮಟ್ಟದಲ್ಲಿ ಇಟ್ಟುಕೊಳ್ಳುವುದು ಹನೂರಿನ ಕಲ್ಲುದಾರಿಗೆ ತಕ್ಕ ಖರ್ಚು. ಗಾಳಿಯ ಒತ್ತಡ ಅಳೆಯುವ ಸಣ್ಣ ಗೇಜು ಮತ್ತು ಹನ್ನೆರಡು ವೋಲ್ಟಿನ ಪಂಪು ಇದ್ದರೆ, ಕೆಸರಿನಲ್ಲಿ ಗಾಳಿ ಇಳಿಸಿ ನೆಲದ ಮೇಲಿನ ಹಿಡಿತವನ್ನು ಹೆಚ್ಚಿಸಿಕೊಳ್ಳಬಹುದು, ಡಾಂಬರಿಗೆ ಬಂದೊಡನೆ ಮತ್ತೆ ತುಂಬಿಸಿಕೊಳ್ಳಬಹುದು. ಆದರೆ ಯಳಂದೂರಿನ ಗದ್ದೆಕೆಸರಿಗೆ ಹಿತವಾದ ಇಳಿಗಾಳಿ ಇಂಡಿಗನತ್ತದ ದಾರಿಗೆ ಹಿತವಲ್ಲ. ಅಲ್ಲಿ ಉಬ್ಬಿದ ಪಕ್ಕಗೋಡೆಯನ್ನು ಕಲ್ಲು ಸೀಳುತ್ತದೆ.

ಮೂರನೆಯದು ಸಿಕ್ಕಿಬಿದ್ದಾಗ ಬಿಡಿಸಿಕೊಳ್ಳುವ ಸಾಧನ. ಇಲ್ಲಿಯೂ ಮನಸ್ಸು ಮೊದಲು ಹರಿಯುವುದು ವಿದ್ಯುತ್ ವಿಂಚಿನ ಕಡೆಗೆ. ಸುಮಾರು ನಾಲ್ಕು ಟನ್ ಎಳೆಯುವ ವಿಂಚು ಪೂರ್ಣ ಭಾರದಲ್ಲಿ 400 ಆಂಪಿಯರಿನ ಆಸುಪಾಸು ವಿದ್ಯುತ್ತನ್ನು ಬೇಡುತ್ತದೆ, ಹಳೆಯ ಜೀಪಿನ ಆಲ್ಟರ್ನೇಟರ್ ಅದರ ಕಾಲುಭಾಗವನ್ನೂ ಕೊಡಲಾರದು. ಹಾಗಾಗಿ ವಿಂಚಿನ ಹಿಂದೆ ಬ್ಯಾಟರಿ, ದಪ್ಪ ಕೇಬಲ್ಲು, ಭಾರ ತಾಳುವ ಮುಂಭಾಗ ಎಲ್ಲಕ್ಕೂ ಹಣ ಹೋಗುತ್ತದೆ. ಇದರ ಬದಲು ಚಾಸಿಗೆ ಭದ್ರವಾಗಿ ಬೋಲ್ಟು ಮಾಡಿದ ಎರಡು ಕೊಕ್ಕೆ, ಹಿಗ್ಗಿ ಎಳೆಯುವ ನೈಲಾನ್ ಹಗ್ಗ, ಗುದ್ದಲಿ, ಹಾರೆ, ಅಗಲ ತಳದ ಜಾಕು ಮತ್ತು ಚಕ್ರಕ್ಕೆ ಕೊಡುವ ಮರದ ಕಟ್ಟೆ ಇಷ್ಟಿದ್ದರೆ ಬಹುಪಾಲು ಸಂದರ್ಭಗಳನ್ನು ನಿಭಾಯಿಸಬಹುದು. ಹಗ್ಗವನ್ನು ಬಂಪರಿಗೋ ಟ್ರೇಲರ್ ಗುಂಡಿಗೋ ಸಿಕ್ಕಿಸುವುದು ಮಾತ್ರ ಪ್ರಾಣಕ್ಕೇ ಎರವಾಗಬಲ್ಲದು, ಕಿತ್ತುಬಂದ ಲೋಹ ಗುಂಡಿನಂತೆ ಸಿಡಿಯುತ್ತದೆ. ಈ ವಿಷಯದಲ್ಲಿ ಹಳ್ಳಿಯ ಜೀಪು ಚಾಲಕರ ರೂಢಿ ಹವ್ಯಾಸಿಗಳ ರೂಢಿಗಿಂತ ಮೇಲಾದುದು: ಕಲ್ಲು ಜೋಡಿಸಿ ಚಕ್ರಕ್ಕೆ ಮೆಟ್ಟಿಲು ಕಟ್ಟುವುದು, ಪ್ರಯಾಣಿಕರನ್ನು ಇಳಿಸಿ ಗಾಡಿಯನ್ನು ಹಗುರ ಮಾಡುವುದು, ಫ್ಯಾನ್ ಬೆಲ್ಟು, ಡೀಸೆಲ್ ಫಿಲ್ಟರು, ಯು ಬೋಲ್ಟುಗಳನ್ನು ಸೀಟಿನಡಿ ಇಟ್ಟುಕೊಳ್ಳುವುದು ಅವರಿಗೆ ಸಹಜ.

ಆದರೆ ಅದೇ ಚಾಲಕರ ಇನ್ನೊಂದು ರೂಢಿಯನ್ನು ಒಪ್ಪಲಾಗದು. ಹೆಚ್ಚು ಜನರನ್ನು ಹೇರಲು ಹಿಂದಿನ ಕಮಾನುಪಟ್ಟಿಗೆ, ಅಂದರೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗಿಗೆ, ಮತ್ತೆರಡು ಪಟ್ಟಿಗಳನ್ನು ಸೇರಿಸಿದಾಗ ಹಿಂಬದಿ ಬಿಗಿದುಕೊಂಡು, ಏರುಪೇರಿನ ನೆಲದಲ್ಲಿ ಒಂದು ಚಕ್ರ ಗಾಳಿಯಲ್ಲಿ ತೇಲುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ ಹಿಡಿತವಿಲ್ಲದ ಆ ಚಕ್ರವನ್ನೇ ತಿರುಗಿಸುತ್ತ ಗಾಡಿಯನ್ನು ನಿಂತಲ್ಲೇ ನಿಲ್ಲಿಸುತ್ತದೆ. ಲಿಫ್ಟ್ ಕಿಟ್ಟಿನ ದೋಷವೂ ಇದರ ಬಂಧುವೇ: ಎತ್ತರಿಸಿದ ಗಾಡಿಯ ಭಾರಕೇಂದ್ರ ಮೇಲೇರಿ ಅಡ್ಡ ಇಳಿಜಾರಿನಲ್ಲಿ ಉರುಳುವ ಸಂಭವ ಹೆಚ್ಚುತ್ತದೆ. ಸವೆದ ಬುಷ್‌ಗಳನ್ನೂ ಬಳಲಿದ ಶಾಕ್ ಅಬ್ಸಾರ್ಬರ್‌ಗಳನ್ನೂ ಮೂಲ ಸ್ಥಿತಿಗೆ ತರುವುದೇ ಇಲ್ಲಿ ನಿಜವಾದ ಸುಧಾರಣೆ. ಎರಡು ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಲಾಕಿಂಗ್ ಡಿಫರೆನ್ಷಿಯಲ್ ಬೆಲೆಬಾಳುವ, ಆದರೆ ಅರ್ಥವುಳ್ಳ ವಸ್ತು; ಮೇಲಿನ ಮೂರೂ ಮುಗಿದ ಮೇಲೆ ಹಣ ಉಳಿದರೆ ಅದಕ್ಕೆ ಹಾಕಬಹುದು.

ಗಾಳಿಯನ್ನು ಛಾವಣಿಯ ಎತ್ತರದಿಂದ ಇಂಜಿನ್ನಿಗೆ ಎಳೆಯುವ ಸ್ನಾರ್ಕೆಲ್ ಕೊಳವೆ ಈ ಸೀಮೆಗೆ ಬೇಕಿಲ್ಲ. ಹೊಸ ಥಾರ್‌ಗೆ ತಯಾರಕರು ಹೇಳುವ 650 ಮಿಲಿಮೀಟರ್ ಆಳದ ಮಿತಿ ನಿಂತ ನೀರಿಗೆ ಅನ್ವಯಿಸುವಂಥದು, ರಭಸದಿಂದ ಹರಿಯುವ ಹಳ್ಳಕ್ಕಲ್ಲ. ಕಾವೇರಿ ಉಕ್ಕಿ ದಡದ ದಾಸನಪುರದ ಆಸುಪಾಸು ಮುಳುಗಿದಾಗಲೂ, ಮಳೆಯ ಸಂಜೆ ಕಾಡಿನ ಹಳ್ಳ ಬಂದಾಗಲೂ ಮಾಡಬೇಕಾದುದು ದಾಟುವ ಸಾಹಸವಲ್ಲ, ನೀರು ಇಳಿಯುವವರೆಗೆ ಕಾಯುವುದು.

ಹೀಗೆ ನೋಡಿದಾಗ, ಕೈಯಲ್ಲಿರುವ ಹಣ ಒಂದೇ ಕೆಲಸಕ್ಕೆ ಸಾಲುವಷ್ಟಿದ್ದರೆ ಅದು ಬ್ರೇಕಿಗೆ, ಎರಡಕ್ಕೆ ಸಾಲುವಷ್ಟಿದ್ದರೆ ಬ್ರೇಕಿಗೂ ಟೈರಿಗೂ ಸಲ್ಲಬೇಕು. ‘ಜನ-ವನ’ದಂಥ ಸಾರ್ವಜನಿಕ ಸೇವೆಗೂ ಇದೇ ಕ್ರಮ ಅನ್ವಯಿಸುತ್ತದೆ: ಹೊಸ ಜೀಪು ಕೊಡುವಾಗಲೇ ಅದರ ಬ್ರೇಕು, ಟೈರು, ಚಾಲಕರ ತರಬೇತಿಗಾಗಿ ವರ್ಷವರ್ಷವೂ ಹಣವನ್ನು ಕಾದಿರಿಸಬೇಕು. ಸೆಪ್ಟೆಂಬರಿನ ಮಳೆ ಹಿಡಿಯುವ ಮೊದಲು, ಆಗಸ್ಟಿನಲ್ಲಿಯೇ, ಬೆಟ್ಟದ ಪ್ರತಿಯೊಬ್ಬ ಜೀಪು ಮಾಲೀಕರೂ ನಾಲ್ಕೂ ಚಕ್ರಗಳ ಬ್ರೇಕುಗಳನ್ನು ಬಿಚ್ಚಿಸಿ ನೋಡಿಸಿ, ಬ್ರೇಕ್ ಆಯಿಲನ್ನು ಬದಲಿಸಿಕೊಳ್ಳಲಿ.