ಜೀರ್ಣೋದ್ಧಾರದ ಮರ್ಯಾದೆ

ಸ್ಮಾರಕಗಳನ್ನು ಕಟ್ಟುವ ಉತ್ಸಾಹ ನಮ್ಮ ನಾಡಿನಲ್ಲಿ ಎಂದೂ ಕಡಿಮೆಯಾಗಿಲ್ಲ. ಕಟ್ಟಿದ್ದನ್ನು ಕಾಯ್ದುಕೊಳ್ಳುವ ವಿವೇಕ ಮಾತ್ರ ವಿರಳ. ಕಟ್ಟಡವು ಸೋರತೊಡಗಿದೊಡನೆ ‘ಜೀರ್ಣೋದ್ಧಾರ’ವೆಂಬ ಪವಿತ್ರ ಪದವನ್ನುಚ್ಚರಿಸಿ, ಹಳೆಯದನ್ನು ಮುಚ್ಚಿಯೋ ಕೆಡವಿಯೋ ಹೊಸತನ್ನು ನಿಲ್ಲಿಸುತ್ತೇವೆ. ಇದು ಉದ್ಧಾರವೇ? ಅಹಮದಾಬಾದಿನ ಸಾಬರಮತಿ ಆಶ್ರಮವನ್ನು ಮುಂದಿಟ್ಟುಕೊಂಡು ವಾಚಕರು ನಮ್ಮೊಡನೆ ವಿಚಾರಿಸಬೇಕು.

ಆ ಆಶ್ರಮವು ನಮ್ಮ ಸೀಮೆಗೆ ಪರಕೀಯವಲ್ಲ. 1930ರ ಮಾರ್ಚ್ 12ರಂದು ಗಾಂಧೀಜಿಯವರೊಡನೆ ಅಲ್ಲಿಂದ ದಾಂಡಿಗೆ ಹೊರಟ ಸತ್ಯಾಗ್ರಹಿಗಳಲ್ಲಿ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ತರುಣ ಮೈಲಾರ ಮಹಾದೇವಪ್ಪನವರೂ ಒಬ್ಬರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಆ ವೀರರ ಸ್ಮರಣೆಗೆ ಹಾವೇರಿಯಲ್ಲಿ ವೀರಸೌಧವಿದೆ.

ಸಾಬರಮತಿಯಲ್ಲಿ ಗಾಂಧೀಜಿಯವರು ವಾಸಿಸಿದ ಹೃದಯಕುಂಜದ ಸನಿಹದಲ್ಲೇ ಗಾಂಧಿ ಸ್ಮಾರಕ ಸಂಗ್ರಹಾಲಯವಿದೆ. ಅದರ ಶಿಲ್ಪಿ ಚಾರ್ಲ್ಸ್ ಕೊರಿಯಾ. ಬೆಂಗಳೂರಿನ ವಿಶ್ವೇಶ್ವರಯ್ಯ ಕೇಂದ್ರವನ್ನು ರೂಪಿಸಿದವರೂ ಇವರೇ. 1963ರ ಮೇ 10ರಂದು ಪಂಡಿತ ನೆಹರೂ ಅವರು ಅದನ್ನು ಉದ್ಘಾಟಿಸಿದರು. ಆರು ಮೀಟರ್ ಚದರದ ಅಂಕಣಗಳು, ಇಟ್ಟಿಗೆಯ ಕಂಬಗಳು, ಅವುಗಳ ಮೇಲೆ ಗಿಲಾವು ಕಾಣದ ಕಾಂಕ್ರೀಟಿನ ತೊಲೆಗಳು, ಮೇಲೆ ಹೆಂಚಿನ ಮಾಡು. ಮಾಡನ್ನು ಹೊರುವ ತೊಲೆಯೇ ಮಳೆನೀರನ್ನು ಹರಿಸುವ ದೋಣಿಯೂ ಹೌದು. ಕಿಟಕಿಗಳಿಗೆ ಗಾಜಿಲ್ಲ, ಮರದ ಪಟ್ಟಿಗಳಿವೆ. ನಡುವೆ ನೀರಿನ ಅಂಗಳ. ಶಿಖರವಿಲ್ಲ, ಮಹಾದ್ವಾರವಿಲ್ಲ. ಸ್ಮರಣೀಯರ ಸರಳತೆಯನ್ನು ಕಟ್ಟಡವು ಬಾಯಿಂದ ಹೇಳುವುದಿಲ್ಲ, ಆಚರಿಸುತ್ತದೆ. ಹಳೆಯ ಮನೆಯ ಪಕ್ಕದಲ್ಲಿ ಹೊಸತು ಹೇಗೆ ವಿನಯದಿಂದ ನಿಲ್ಲಬೇಕೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ದುರ್ಲಭ.

2021ರಲ್ಲಿ ಈ ಪರಿಸರವನ್ನು ಸುಮಾರು 1,200 ಕೋಟಿ ರೂಪಾಯಿ ವೆಚ್ಚದಲ್ಲಿ ಪುನರಭಿವೃದ್ಧಿಗೊಳಿಸುವ ಯೋಜನೆ ವಿವಾದಕ್ಕೊಳಗಾಯಿತು. ಅದೇ ಆಗಸ್ಟಿನಲ್ಲಿ ನೂರಕ್ಕೂ ಹೆಚ್ಚು ಗಣ್ಯರು ಬಹಿರಂಗ ಪತ್ರದ ಮೂಲಕ ಅದನ್ನು ವಿರೋಧಿಸಿದರು. ತುಷಾರ್ ಗಾಂಧಿಯವರ ಅರ್ಜಿಯನ್ನು ಗುಜರಾತ ಉಚ್ಚ ನ್ಯಾಯಾಲಯವು 2022ರಲ್ಲಿ ತಿರಸ್ಕರಿಸಿತು; 2025ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹಸ್ತಕ್ಷೇಪಿಸಲಿಲ್ಲ. 2024ರ ಮಾರ್ಚ್ 12ರಂದೇ ಪ್ರಧಾನಿಯವರು ಸಮಗ್ರ ನಕ್ಷೆಯನ್ನು ಬಿಡುಗಡೆಗೊಳಿಸಿದ್ದರು. ಅದರಂತೆ ಐದು ಎಕರೆಯ ಸ್ಮಾರಕವು ಐವತ್ತೈದು ಎಕರೆಗೆ ವಿಸ್ತರಿಸಬೇಕು.

ಪೂರ್ವಪಕ್ಷವನ್ನು ಕಡೆಗಣಿಸುವುದು ನ್ಯಾಯವಲ್ಲ. ಮೂಲತಃ 120 ಎಕರೆಯಷ್ಟಿದ್ದ ಆಶ್ರಮ ಕುಗ್ಗಿ, ಹಳೆಯ ಮನೆಗಳು ಚದುರಿದ್ದವು. ಅವುಗಳನ್ನು ದುರಸ್ತಿಗೊಳಿಸಿ ಒಂದುಗೂಡಿಸುತ್ತೇವೆ ಎಂದು ಸರ್ಕಾರ ಹೇಳುತ್ತದೆ. ಈ ವಾದದಲ್ಲಿ ಸತ್ಯಾಂಶವಿದೆ. ನಿರ್ಲಕ್ಷ್ಯವನ್ನು ಸರಳತೆಯೆಂದು ಕರೆಯಲಾಗದು. ಆದರೆ ಆವರಣದಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಕುಟುಂಬಗಳು ಪರಿಹಾರ ಪಡೆದು ಹೊರನಡೆದರೆ, ಉಳಿಯುವುದು ಆಶ್ರಮವೋ ಪ್ರೇಕ್ಷಣೀಯ ಸ್ಥಳವೋ? ಯೋಜನೆಯ ಯೋಗ್ಯತೆಯನ್ನು ಎಕರೆಗಳಿಂದಲ್ಲ, ಪಕ್ಕದಲ್ಲೇ ನಿಂತಿರುವ ಆ 1963ರ ಕಟ್ಟಡದ ವಿನಯದಿಂದ ಅಳೆಯಬೇಕು. ಹೊಸತು ಹೃದಯಕುಂಜಕ್ಕಿಂತ ಗಟ್ಟಿಯಾಗಿ ಮಾತನಾಡತೊಡಗಿದರೆ ಉದ್ಧಾರವಾದದ್ದು ಜೀರ್ಣವಲ್ಲ, ಉದ್ಧಾರಕರ ಕೀರ್ತಿ.

ಕಾಂಕ್ರೀಟು ಚಿರಂಜೀವಿಯೆಂಬುದೂ ಭ್ರಮೆಯೇ. ತೇವವಿಳಿದು ಒಳಗಿನ ಸರಳಿಗೆ ತುಕ್ಕು ಹಿಡಿದರೆ ಸರಳು ಉಬ್ಬುತ್ತದೆ. ಮೇಲಿನ ಹೊದಿಕೆ ಸಿಡಿದು ಚಕ್ಕೆಯಾಗಿ ಉದುರುತ್ತದೆ. ಇದಕ್ಕೆ ಪರಿಹಾರ ಮೇಲೆ ಬಣ್ಣ ಬಳಿಯುವುದಲ್ಲ. ನೀರಿನ ದಾರಿಯನ್ನು ತೆರವುಗೊಳಿಸಿ, ಕೆಟ್ಟ ಭಾಗವನ್ನು ಕೆತ್ತಿ, ತುಕ್ಕು ತೆಗೆದು, ಅದೇ ಗುಣದ ಗಾರೆಯಿಂದ ತುಂಬುವುದು. ಈ ಕೆಲಸಕ್ಕೆ ಉದ್ಘಾಟನೆಯಿಲ್ಲ, ಶಿಲಾಫಲಕವಿಲ್ಲ. ಆದಕಾರಣವೇ ಯಾರೂ ಇದನ್ನು ಬಯಸುವುದಿಲ್ಲ.

ಮೇಡ್ಲೇರಿಯಿಂದ ಹಾವೇರಿಯವರೆಗೆ ನಮ್ಮ ಊರುಗಳಲ್ಲಿಯೂ ಹಿರಿಯರ ಹೆಸರಿನ ಭವನಗಳು, ಗದ್ದುಗೆಗಳು, ಹುತಾತ್ಮರ ಸ್ಮಾರಕಗಳು ಇವೆ. ಅವುಗಳ ಸಮಿತಿಯಲ್ಲಿರುವ ವಾಚಕರು ಹೊಸ ಕಮಾನಿಗೆ ವಂತಿಗೆ ಎತ್ತುವ ಮೊದಲು ಮಳೆಗಾಲಕ್ಕೆ ಮುಂಚೆ ಒಮ್ಮೆ ಮಾಳಿಗೆ ಹತ್ತಿ, ನೀರು ಹರಿಯುವ ಬಾಯಿಯನ್ನು ಕೈಯಾರೆ ಶುಚಿಗೊಳಿಸಲಿ. ಜೀರ್ಣೋದ್ಧಾರದ ಮೊದಲ ಕಾರ್ಯ ಅದೇ.