ಹೆಮ್ಮಾಡಿ ಸೇವಂತಿಗೆಗೂ ಇರಲಿ ಒಂದು ಹೂದಾನಿ

ಮಕರ ಸಂಕ್ರಾಂತಿ ಹತ್ತಿರ ಬಂತೆಂದರೆ ಹೆಮ್ಮಾಡಿ, ಕಟ್‌ಬೆಲ್ತೂರು ಕಡೆಯ ಗದ್ದೆಗಳಲ್ಲಿ ಸೇವಂತಿಗೆ ಅರಳುತ್ತದೆ. ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನ ಜಾತ್ರೆಗೆ ಈ ಹೂವೇ ಆಗಬೇಕು. ಸಣ್ಣ ಹೂ, ಅಚ್ಚ ಹಳದಿ, ಪರಿಮಳ ಅದರದ್ದೇ. ಕೊಯ್ಯುವಾಗ ಹೂವನ್ನಷ್ಟೇ ಚಿವುಟಿ, ಎಣಿಸಿ ಮಾರುತ್ತಾರೆ. ದೇವರಿಗೂ ಮುಡಿಗೂ ಅದು ಸರಿ. ಆದರೆ ತ್ರಾಸಿ, ಮರವಂತೆಯ ಆಸುಪಾಸಿನಲ್ಲಿರುವ ನಾವು ಬೆಳೆಗಾರರನ್ನು ಕೇಳಿ ಗೆಲ್ಲು ಸಮೇತ ನಾಲ್ಕು ತಂದಿಟ್ಟರೆ ಮನೆಯೊಳಗೆ ವಾರಕ್ಕೂ ಮಿಕ್ಕಿ ಹೂ ಇರುತ್ತದೆ. ದೂರದ ಊರಿಂದ ಬಂದ ಗುಲಾಬಿ, ಜರ್ಬೆರಾಗಳಿಗಿಂತ ನನಗೆ ಇದೇ ಮೇಲು.

ಕಟ್ಟುವ ಹೂವನ್ನು ಕಾಪಾಡುವುದು ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು. ದಂಟಿರುವ ಹೂವಿನ ರೀತಿಯೇ ಬೇರೆ. ಅದು ಕೊಯ್ದ ಮೇಲೂ ನೀರು ಕುಡಿಯುತ್ತಲೇ ಇರಬೇಕು. ಕತ್ತರಿಸಿದ ಕ್ಷಣವೇ ದಂಟಿನ ನಾಳಗಳಿಗೆ ಗಾಳಿ ನುಗ್ಗುತ್ತದೆ, ನೀರು ಮೇಲೇರುವ ದಾರಿ ಅಲ್ಲೇ ಕಟ್ಟುತ್ತದೆ. ಆದ್ದರಿಂದ ಮನೆಗೆ ಬಂದ ಕೂಡಲೇ ದಂಟಿನ ತುದಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಹರಿತವಾದ ಚೂರಿಯಿಂದ ಓರೆಯಾಗಿ ಇನ್ನೊಮ್ಮೆ ಕೊಯ್ಯಿರಿ. ಕತ್ತರಿಯಾದರೆ ದಂಟು ಜಜ್ಜಿಹೋಗುತ್ತದೆ. ಸೇವಂತಿಗೆಯ ಬುಡ ಕಟ್ಟಿಗೆಯಂತೆ ಗಟ್ಟಿ, ಅಲ್ಲಿಂದ ನೀರು ಸರಿಯಾಗಿ ಏರುವುದಿಲ್ಲ. ಅಷ್ಟನ್ನು ಬಿಟ್ಟು ಮೇಲಿನ ಹಸಿರು ಭಾಗದಲ್ಲೇ ಕೊಯ್ಯಬೇಕು.

ಎರಡನೆಯ ಶತ್ರು ಬ್ಯಾಕ್ಟೀರಿಯಾ. ನಮ್ಮ ಸೆಕೆಯಲ್ಲಿ ಹೂದಾನಿಯ ನೀರು ಒಂದೇ ದಿನಕ್ಕೆ ಮಬ್ಬಾಗುತ್ತದೆ. ದಂಟನ್ನು ಬೆರಳಲ್ಲಿ ಮುಟ್ಟಿ ನೋಡಿ; ಲೋಳೆ ಹತ್ತಿದರೆ ನಾಳ ಮುಚ್ಚುತ್ತಾ ಬಂದಿದೆ ಎಂದೇ ಲೆಕ್ಕ. ಗುಲಾಬಿ ಅರಳುವ ಮೊದಲೇ ಕತ್ತು ಬಗ್ಗಿಸುವುದು ಹೆಚ್ಚಾಗಿ ಇದರಿಂದಲೇ. ನೀರಿನೊಳಗೆ ಒಂದು ಎಲೆಯೂ ಇರಕೂಡದು. ದಿನವೂ ನೀರು ಬದಲಿಸಿ, ದಂಟನ್ನು ತೊಳೆದು, ತುದಿಯಲ್ಲಿ ಅರ್ಧ ಇಂಚು ಕೊಯ್ದು ಮತ್ತೆ ಇಡಿ. ಹೂದಾನಿಯನ್ನು ಊಟದ ತಟ್ಟೆಯಷ್ಟೇ ಚೊಕ್ಕವಾಗಿ ತಿಕ್ಕಿ.

ನೀರು ಯಾವುದು ಎಂಬುದೂ ಮುಖ್ಯ. ಬೇಸಿಗೆಯಲ್ಲಿ ಕಡಲ ಬದಿಯ ಬಾವಿಯ ನೀರು ಉಪ್ಪಾದರೆ ಅದು ಹೂವಿಗೂ ಆಗದು. ಉಳಿದಂತೆ ಕುಡಿಯಲು ಕಾಸಿ ಆರಿಸಿದ ನೀರನ್ನೇ ಹಾಕಿ; ಕಾಸಿದ ನೀರಿನಲ್ಲಿ ಕರಗಿದ ಗಾಳಿ ಕಡಿಮೆ, ದಂಟಿನಲ್ಲಿ ಬೇಗ ಏರುತ್ತದೆ. ಆದರೆ ನೀರೇ ಉಪ್ಪಾಗಿದ್ದರೆ ಕಾಸಿದರೂ ಉಪ್ಪು ಹೋಗುವುದಿಲ್ಲ, ಸಿಹಿನೀರು ಬೇರೆ ತರಲೇಬೇಕು. ಗುಲಾಬಿಯಾದರೆ ಒಂದು ಲೀಟರಿಗೆ ಎರಡು ಸಣ್ಣ ಚಮಚ ಸಕ್ಕರೆ, ಅಷ್ಟೇ ಲಿಂಬೆರಸ, ಬಟ್ಟೆ ಬಿಳುಪು ಮಾಡುವ ದ್ರಾವಣ ಕಾಲು ಚಮಚ. ಸಕ್ಕರೆ ಹೂವಿಗೆ ಆಹಾರ, ಹುಳಿ ನೀರನ್ನು ಏರಿಸುತ್ತದೆ, ಕ್ಲೋರಿನ್ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಈ ಮೂರರಲ್ಲಿ ಸಕ್ಕರೆಯೊಂದನ್ನೇ ಹಾಕಿದರೆ ಕೊಳೆತಕ್ಕೆ ಕರೆದು ಊಟ ಹಾಕಿದಂತೆ. ಸೇವಂತಿಗೆಗಂತೂ ಸಕ್ಕರೆ ಬೇಡ, ಎಲೆ ಕೆಡುತ್ತದೆ. ನೀರಿಗೆ ನಾಣ್ಯ ಹಾಕುವ ಸಲಹೆಯನ್ನು ನಾನು ನಂಬುವುದಿಲ್ಲ.

ಬಾಳೆಗೊನೆ ಹಣ್ಣಾಗುತ್ತಿರುವ ಕೋಣೆಯಲ್ಲಿ ಹೂ ಇಡಬೇಡಿ. ಹಣ್ಣು ಬಿಡುವ ಎಥಿಲೀನ್ ಅನಿಲದಿಂದ ಕಾರ್ನೇಷನ್ ಬಾಡುತ್ತದೆ, ಎಷ್ಟೋ ಹೂಗಳ ಎಸಳು ಉದುರುತ್ತದೆ. ಸೇವಂತಿಗೆಯ ಎಸಳು ಇದಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಫ್ಯಾನಿನ ಗಾಳಿ ಮಾತ್ರ ಎಲ್ಲ ಹೂವಿಗೂ ಕೇಡು.

ಮಲ್ಲಿಗೆಯ ವಿಚಾರಕ್ಕೆ ಬಂದರೆ ಎಲ್ಲವೂ ತಿರುಗುಮುರುಗು. 2007-08ರಲ್ಲಿ ಭೌಗೋಳಿಕ ಸೂಚಿ ಪಡೆದ ಉಡುಪಿ ಮಲ್ಲಿಗೆ, ಅಂದರೆ ನಮ್ಮ ಶಂಕರಪುರ ಮಲ್ಲಿಗೆ, ಮೊಗ್ಗಿನಲ್ಲೇ ಕೊಯ್ದು ಬಾಳೆನಾರಿನಲ್ಲಿ ಕಟ್ಟುವ ಹೂ. ಇದಕ್ಕೆ ಕುಡಿಯಲು ದಂಟಿಲ್ಲ. ಇದ್ದ ಪಸೆ ಆರದಂತೆ, ಬೇಗ ಅರಳದಂತೆ ನೋಡಿಕೊಳ್ಳುವುದಷ್ಟೇ ಕೆಲಸ. ಒದ್ದೆ ನಾರು, ಸುತ್ತ ಬಾಳೆ ಎಲೆ: ಹಿರಿಯರು ಕಂಡುಕೊಂಡ ಈ ಉಪಾಯಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಎಲೆ ತಂಪಾಗಿಯೂ ಇರುತ್ತದೆ, ಪ್ಲಾಸ್ಟಿಕ್ ಚೀಲದಂತೆ ಒಳಗೆ ಬೆವರು ಹನಿಯಾಗಿ ನಿಲ್ಲುವುದೂ ಇಲ್ಲ. ಹನಿ ನಿಂತ ಮೊಗ್ಗು ಕಂದುತ್ತದೆ. ಅದಕ್ಕೇ ಮಲ್ಲಿಗೆಗೆ ನೀರು ಚಿಮುಕಿಸುವವರನ್ನು ಕಂಡರೆ ನನಗೆ ಸಂಕಟ. ಎಲೆಯ ಕಟ್ಟನ್ನು ಹಾಗೆಯೇ ಸ್ಟೀಲ್ ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ಇಡಿ, ಹಣ್ಣಿನಿಂದ ದೂರ. ಮರುದಿನ ಬೆಳಿಗ್ಗೆ ಪೂಜೆಗೆ ಸಾಕಷ್ಟು ಚೆನ್ನಾಗಿರುತ್ತದೆ.

ದಾಸವಾಳಕ್ಕೆ ಇದ್ಯಾವುದೂ ಬೇಡ. ನೀರಲ್ಲಿಟ್ಟರೂ ಹೊರಗಿಟ್ಟರೂ ಅರಳಿದ ಹೂವಿಗೆ ಒಂದೇ ದಿನದ ಆಯುಷ್ಯ.

ಸೇವಂತಿಗೆಯಲ್ಲಿ ಮೊದಲು ಹಳದಿಯಾಗುವುದು ಎಲೆ. ಅದನ್ನು ಕಂಡು ಗೆಲ್ಲನ್ನೇ ಎಸೆಯುವವರಿದ್ದಾರೆ. ಹೂ ಆಗ ಇನ್ನೂ ಗಟ್ಟಿಯಾಗಿರುತ್ತದೆ. ಎಲೆಗಳನ್ನೆಲ್ಲ ತೆಗೆದು, ದಂಟನ್ನು ಗೇಣಿಗೂ ಕಡಿಮೆ ಮಾಡಿ ಅಗಲ ಬಾಯಿಯ ಲೋಟದಲ್ಲಿಡಿ. ಇನ್ನೂ ಮೂರ್ನಾಲ್ಕು ದಿನ ನಿಲ್ಲುತ್ತದೆ.