ವಿಕ್ಕಿಗೊಬ್ಬಳು ತಂಗಿ ಇದ್ದಿದ್ದರೆ

ಶೂಜಿತ್ ಸರ್ಕಾರ್ ನಿರ್ದೇಶಿಸಿದ ‘ವಿಕ್ಕಿ ಡೋನರ್’ (2012) ಹಿಂದಿ ಚಿತ್ರವನ್ನು ಮೊನ್ನೆ ಮತ್ತೊಮ್ಮೆ ನೋಡಿದೆ. ಮತ್ತೊಮ್ಮೆ ನಕ್ಕೆ. ದೆಹಲಿಯ ಲಾಜಪತ್ ನಗರದ ನಿರುದ್ಯೋಗಿ ಹುಡುಗ, ಅವನ ಬೆನ್ನು ಬಿಡದ ಡಾಕ್ಟರ್ ಚಡ್ಡಾ. ಆ ಡಾಕ್ಟರನ ಪಾತ್ರಕ್ಕೆ ಅನ್ನು ಕಪೂರ್ ರಾಷ್ಟ್ರಪ್ರಶಸ್ತಿ ಪಡೆದರು. ಆಡಲು ನಾಚುತ್ತಿದ್ದ ವೀರ್ಯದಾನದ ಸಂಗತಿಯನ್ನು ಮನೆಮಂದಿ ಒಟ್ಟಿಗೆ ಕೂತು ನೋಡುವಂತೆ ಮಾಡಿದ್ದು ಸಣ್ಣ ಕೆಲಸವಲ್ಲ. ಆದರೆ ಈ ಸಲ ಬೇರೊಂದು ಪ್ರಶ್ನೆ ಕಾಡಿತು. ವಿಕ್ಕಿಗೊಬ್ಬಳು ತಂಗಿ ಇದ್ದು, ಅವಳು ಅಂಡಾಣು ದಾನ ಮಾಡಿದ್ದರೆ ನಾವು ಹೀಗೆ ನಗುತ್ತಿದ್ದೆವೇ?

ನಗಲು ಅಲ್ಲಿ ಜಾಗವೇ ಇರುತ್ತಿರಲಿಲ್ಲ. ವಿಕ್ಕಿ ಕೋಣೆಯೊಳಗೆ ಹೋಗಿ ಹೊರಬರುತ್ತಾನೆ, ಜೇಬು ತುಂಬುತ್ತದೆ. ಹೆಣ್ಣಿನ ಅಂಡಾಶಯದಿಂದ ತಿಂಗಳಿಗೆ ಸಾಮಾನ್ಯವಾಗಿ ಹೊರಬರುವುದು ಒಂದೇ ಅಂಡಾಣು. ಹಲವನ್ನು ಒಟ್ಟಿಗೆ ಬೆಳೆಸಲು ಹತ್ತು ಹನ್ನೆರಡು ದಿನ ಹಾರ್ಮೋನ್ ಚುಚ್ಚುಮದ್ದು ಬೇಕು. ನಡುನಡುವೆ ಸ್ಕ್ಯಾನಿಂಗ್, ರಕ್ತಪರೀಕ್ಷೆ. ಕೊನೆಯ ಚುಚ್ಚುಮದ್ದಾಗಿ ಸುಮಾರು 36 ಗಂಟೆಗೆ ಮತ್ತು ಬರಿಸಿ, ಯೋನಿಮಾರ್ಗವಾಗಿ ಅಂಡಾಶಯಕ್ಕೆ ಸೂಜಿ ಚುಚ್ಚಿ ಅಂಡಾಣುಗಳನ್ನು ಹೀರಿ ತೆಗೆಯುತ್ತಾರೆ. ಕೆಲವರಿಗೆ ಅಂಡಾಶಯ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಅಪರೂಪಕ್ಕೆ ಪ್ರಾಣಕ್ಕೇ ಬರುತ್ತದೆ. ಚಿತ್ರ ತೆರೆಗೆ ಬರುವ ಎರಡು ವರ್ಷ ಮೊದಲು, 2010ರಲ್ಲಿ, ಮುಂಬಯಿಯಲ್ಲಿ ಹದಿಹರೆಯದ ಹುಡುಗಿಯೊಬ್ಬಳು ಅಂಡಾಣು ಕೊಟ್ಟ ಬೆನ್ನಿಗೇ ಸತ್ತಿದ್ದಳು.

ಪಡೆಯುವವಳ ಪಾಡೂ ಹಗುರವಲ್ಲ ಎನ್ನಿ. ವರ್ಷಗಟ್ಟಲೆ ‘ಇನ್ನೂ ಆಗಲಿಲ್ಲವೇ’ ಎಂಬ ಮಾತು ಕೇಳಿ ಬಂದವಳು ಅವಳು. ಗರ್ಭಕೋಶ ಸಜ್ಜಾಗಲು ಔಷಧ ತೆಗೆದುಕೊಳ್ಳಬೇಕು. ಗಂಡನ ವೀರ್ಯದೊಂದಿಗೆ ಸೇರಿಸಿದ ಭ್ರೂಣವನ್ನು ಮೂರನೆಯ ಅಥವಾ ಐದನೆಯ ದಿನ ಒಳಗಿಟ್ಟ ಮೇಲೆ ಕಾಯಬೇಕು. ಅದೂ ಪ್ರತಿ ಸಲ ಫಲಿಸುವುದಿಲ್ಲ. ಆದರೂ ಅವಳಿಗೊಂದು ಕಥೆಯಿದೆ, ಕೇಳುವವರಿದ್ದಾರೆ. ಕೊಟ್ಟವಳ ಕಥೆ ಆಸ್ಪತ್ರೆಯ ಬಾಗಿಲಲ್ಲೇ ಮುಗಿಯುತ್ತದೆ.

ಧರ್ಮದ ಚರ್ಚೆಯೂ ಅವಳನ್ನು ಹೆಚ್ಚು ವಿಚಾರಿಸಿದಂತಿಲ್ಲ. ಸುನ್ನಿ ವಿದ್ವಾಂಸರಲ್ಲಿ ಬಹುಪಾಲು ಮಂದಿ ದಂಪತಿಯ ನಡುವೆ ಮೂರನೆಯವರು ಬರಕೂಡದೆಂದು ಇದನ್ನು ನಿಷೇಧಿಸಿದರು. ಇರಾನಿನ ಶಿಯಾ ಧರ್ಮಗುರು ಖಾಮೆನಿ 1999ರಲ್ಲಿ ಷರತ್ತುಗಳೊಂದಿಗೆ ಒಪ್ಪಿದರು. ಎರಡೂ ಕಡೆ ವಾದ ಸುತ್ತಿದ್ದು ಮಗುವಿನ ನಸಬ್, ವಾರಸುದಾರಿಕೆಗಳನ್ನು. ಆ ಪ್ರಶ್ನೆ ದೊಡ್ಡದೇ, ಇಲ್ಲವೆನ್ನಲಾರೆ. ಆದರೆ ಸೂಜಿ ಚುಚ್ಚಿಸಿಕೊಂಡವಳು ಯಾರ ಮಗಳು, ಯಾವ ಕಷ್ಟಕ್ಕೆ ಬಂದಳು?

ನಮ್ಮ ದೇಶದ 2021ರ ಕಾಯ್ದೆ ಅವಳನ್ನು ಸ್ವಲ್ಪ ನೆನೆದಿದೆ. 23ರಿಂದ 35ರೊಳಗಿನ ಹೆಣ್ಣು, ಜೀವಮಾನದಲ್ಲಿ ಒಂದೇ ಸಲ, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯಕೂಡದು. ಒಬ್ಬ ದಾನಿಯದು ಒಂದೇ ದಂಪತಿಗೆ. (ಹಾಗಾಗಿ ಚಿತ್ರದ ಕೊನೆಯಲ್ಲಿ ಕುಣಿಯುವ ವಿಕ್ಕಿಯ 53 ಮಕ್ಕಳು ಇಂದು ಕಾನೂನುಬಾಹಿರ!) ಮಿತಿ ಸರಿಯೇ. ಆದರೆ ಚುಚ್ಚುಮದ್ದು ಲೆಕ್ಕ ಹಾಕಿ ಏಳನ್ನೇ ಬೆಳೆಸುವುದಿಲ್ಲ.

ಹಣದ ಮಾತು ಬಂದಾಗ ಕಾಯ್ದೆ ಮತ್ತೆ ‘ದಾನ’ ಎಂಬ ಪದದ ಹಿಂದೆ ಅಡಗುತ್ತದೆ. ಅಂಡಾಣು ಮಾರುವುದು ಅಪರಾಧ. ಡಾಕ್ಟರಿಗೆ ಶುಲ್ಕವಿದೆ, ಲ್ಯಾಬಿಗೆ ಬಿಲ್ಲಿದೆ, ಔಷಧದ ಅಂಗಡಿಗೆ ವ್ಯಾಪಾರವಿದೆ. ಎಲ್ಲರೂ ಸಂಪಾದಿಸುವ ಕಡೆ ಅವಳೊಬ್ಬಳು ಮಾತ್ರ ಪುಣ್ಯಕ್ಕೆ ಬಂದವಳೇ? ಬಡವಳ ಕೈಗೆ ಗುಟ್ಟಾಗಿ ತುರುಕುವ ನೋಟಿಗೆ ರಸೀದಿ ಇರುವುದಿಲ್ಲ. ನಾಳೆ ಹೊಟ್ಟೆನೋವು ಬಂದರೆ ತೋರಿಸಲು ಕಾಗದವೂ ಇರುವುದಿಲ್ಲ.

ಕಾನೂನಿನಂತೆ ನಡೆದರೆ ಅವಳ ಹೆಸರಿಗೆ ಒಂದು ವಿಮೆ ಇರಬೇಕು. 2022ರ ನಿಯಮಗಳ ಪ್ರಕಾರ ಅದರ ಅವಧಿ ಹನ್ನೆರಡು ತಿಂಗಳು.